ಅಣ್ಣ ಹೇಳಿದ್ದು ಸುಳ್ಳಲ್ಲ, ಹಳೆಯದು

ಪ್ರಶ್ನೆ: ಮೇಡಂ, ನನ್ನ ತವರು ನರಗುಂದದ ಹತ್ತಿರದ ಒಂದು ಹಳ್ಳಿ. 1991ರಲ್ಲಿ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಅಪ್ಪ 2001ರಲ್ಲಿ ತೀರಿಕೊಂಡರು. 8 ಎಕರೆ ಎರೆ ಹೊಲ ಇದೆ, ಮುತ್ತಜ್ಜನ ಕಾಲದ್ದು. ಅಜ್ಜ 1950ರ ಸುಮಾರಿಗೇ ಹೋದರಂತೆ, ಅಪ್ಪ ಅವರಿಗೆ ಒಬ್ಬನೇ ಮಗ. ಈಗ ಇರುವವರು ಅವ್ವ, ಇಬ್ಬರು ಅಣ್ಣಂದಿರು, ನಾನು. ಉತಾರದಲ್ಲಿ (ಪಹಣಿಯಲ್ಲಿ) ಅವ್ವ ಮತ್ತು ಅಣ್ಣಂದಿರ ಹೆಸರು ಮಾತ್ರ ಇದೆ. 2003ರಲ್ಲಿ ಬಾಂಡ್ ಪೇಪರ್ ಮೇಲೆ ನನ್ನ ಸಹಿ ತೆಗೆದುಕೊಂಡಿದ್ದರು, ಏನು ಬರೆದಿತ್ತೋ ಓದಿರಲಿಲ್ಲ. ಈಗ ರಸ್ತೆ ಅಗಲ ಆಗಿ ಹೊಲಕ್ಕೆ ಒಳ್ಳೆ ರೇಟು ಬಂದಿದೆ. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡು ಅನ್ನುತ್ತಿದ್ದಾರೆ. ದೊಡ್ಡಣ್ಣ ಹೇಳೋದು ಹೀಗೆ: ನಿನ್ನ ಮದುವೆ 94ಕ್ಕಿಂತ ಮೊದಲಾಗಿದೆ, ಅಪ್ಪ 2005ಕ್ಕಿಂತ ಮೊದಲೇ ಹೋಗಿದ್ದಾರೆ, ನಿನಗೆ ಏನೂ ಬರಲ್ಲ. ನಾವು ಲಿಂಗಾಯತರು, ಹಿಂದೂ ಕಾಯ್ದೆ ನಮಗಲ್ಲ. ಮೇಲಾಗಿ ಮದುವೆಯಲ್ಲಿ ಬಂಗಾರ ಹಾಕಿದ್ದೇ ನಿನ್ನ ಪಾಲು. ಒಂದು ಪೇಪರ್ ಕಟಿಂಗ್ ಕೂಡ ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. ಅವ್ವ ಅಂತೂ, ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹೊಲ ಅಂತ ಇರಲೇ ಇಲ್ಲ, ಸಹಿ ಮಾಡಿಬಿಡು ಅನ್ನುತ್ತಾಳೆ. ಈ ಹಕ್ಕು ನಿಜವಾಗಿ ಯಾವಾಗ ಬಂತು? ನನಗೆ ಇದೆಯಾ? ಸಹಿ ಮಾಡದಿದ್ದರೆ ಪಂಚಮಿಗೆ ಕರೆಯೋದನ್ನೇ ನಿಲ್ಲಿಸುತ್ತಾರೇನೋ ಅಂತ ಭಯ.

ಉತ್ತರ: ಮೊದಲಿಗೆ, ಸೋಮವಾರ ಹೋಗಬೇಡಿ. ಜಗಳ ಬೇಡ, ದೊಡ್ಡ ಮಾತೂ ಬೇಡ. "ಕಾಗದ ಒಮ್ಮೆ ಓದಿಸ್ತೀನಿ ಅಣ್ಣಾ, ಒಂದು ತಿಂಗಳು ಟೈಮ್ ಕೊಡು" ಅಂದರೆ ಸಾಕು. ಇಪ್ಪತ್ತು ವರ್ಷ ಕಾದ ಹೊಲ ಇನ್ನೊಂದು ತಿಂಗಳು ಕಾಯುತ್ತದೆ.

ನೀವು ಕೇಳಿರುವುದು ಎರಡು ಪ್ರಶ್ನೆ. ಹಕ್ಕು ಇದೆಯಾ ಅನ್ನುವುದು ಒಂದು, ಕೇಳಿದರೆ ತವರು ಉಳಿಯುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾನೂನು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಧಾರವಾಡದ ಕೋರ್ಟಿನಲ್ಲಿ ಇಷ್ಟು ವರ್ಷ ವಾಟ್ನಿ ಕೇಸು, ಅಂದರೆ ಆಸ್ತಿ ಪಾಲಿನ ಕೇಸು, ನಡೆಸಿದ ಮೇಲೆ ನನಗೆ ಕಂಡದ್ದನ್ನು ಹೇಳಬಲ್ಲೆ, ಅಷ್ಟೇ.

ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು ಏನೆಂದರೆ, ನಿಮ್ಮ ಅಣ್ಣ ಕಟ್ಟುಕಥೆ ಹೇಳುತ್ತಿಲ್ಲ. 94ರ ಮಾತು, 2005ರ ಮಾತು, ಆ ಪೇಪರ್ ಕಟಿಂಗ್, ಇವೆಲ್ಲ ಒಂದೊಂದು ಕಾಲಕ್ಕೆ ನಿಜವಾದ ಕಾನೂನೇ ಆಗಿದ್ದವು. ಅವರು ಹೋದ ವರ್ಷಗಳ ಕ್ಯಾಲೆಂಡರ್ ನೋಡಿಕೊಂಡು ಇವತ್ತಿನ ತಿಥಿ ಹೇಳುತ್ತಿದ್ದಾರೆ. ನಿಮ್ಮ ಅವ್ವನದೂ ಅಷ್ಟೇ, ಅವರ ಕ್ಯಾಲೆಂಡರ್ ಇನ್ನೂ ಹಳೆಯದು. ಆದ್ದರಿಂದ ಸ್ವಲ್ಪ ಹಿಂದೆ ಹೋಗಿಯೇ ಬರಬೇಕು.

ನಿಮ್ಮ ಅಜ್ಜಿಯ ಕಾಲದಲ್ಲಿ ಕೂಡು ಕುಟುಂಬದ ಹೊಲದಲ್ಲಿ ಹುಟ್ಟಿದ ಕೂಡಲೇ ಪಾಲು ಬರುತ್ತಿದ್ದುದು ಗಂಡುಮಗುವಿಗೆ ಮಾತ್ರ. ಹೆಣ್ಣುಮಗಳಿಗೆ ಮದುವೆ ಖರ್ಚು, ವಿಧವೆಗೆ ಪೋಟಗಿ. ನಮ್ಮ ಕಡೆ ಈ ಪೋಟಗಿ ಅನ್ನುವ ಮಾತು ಹಳೆಯ ಕಾಗದಗಳಲ್ಲಿ ಈಗಲೂ ಸಿಗುತ್ತದೆ. ಹೊಟ್ಟೆಪಾಡಿಗೆ ಅಂತ ಒಂದೆರಡು ಎಕರೆ ಬಿಟ್ಟುಕೊಡುವುದು, ಅವಳು ಬದುಕಿರುವ ತನಕ ಉಣ್ಣಬೇಕು, ಮಾರುವ ಹಾಗಿಲ್ಲ. ಆಗ ಇನ್ನೊಂದು ವಿಚಿತ್ರವೂ ಇತ್ತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿತು. ಪಾಲಾಗುವಾಗ ಹೆಂಡತಿ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಇಷ್ಟು ಕೊಡಬೇಕು ಅಂತ ಅದರಲ್ಲಿತ್ತು. ಆದರೆ ಅದು ತುಂಗಭದ್ರೆಯ ಆ ದಂಡೆಗೇ ನಿಂತಿತು. ಹರಿಹರ ಮೈಸೂರು ಸಂಸ್ಥಾನ, ಹೊಳೆ ದಾಟಿದರೆ ರಾಣೇಬೆನ್ನೂರು, ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಒಂದೇ ಹೊಳೆ, ಒಂದೇ ಭಾಷೆ, ಆ ಕಡೆಯ ಮಗಳಿಗೆ ಒಂದು ಕಾನೂನು, ಈ ಕಡೆಯ ಮಗಳಿಗೆ ಬೇರೆ. 1937ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಒಂದು ಕಾಯ್ದೆ ಬಂತು, ಅದೂ ವಿಧವೆಯರಿಗೆ ಮಾತ್ರ, ಅದೂ ಜೀವ ಇರುವ ತನಕ ಅನುಭವಿಸುವ ಹಕ್ಕು. ಮಗಳ ಹೆಸರು ಅದರಲ್ಲಿ ಇಲ್ಲವೇ ಇಲ್ಲ.

ಮುಂದೆ ಬಂತು ಹಿಂದೂ ಕೋಡ್ ಬಿಲ್. ಅದರ ಕರಡು ಮಾಡಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗರಾಯರು, ಲೋಕಸಭೆಗೂ ಮೊದಲಿನ ಆ ಸಂಸತ್ತಿನಲ್ಲಿ ಅದನ್ನು ಹೊತ್ತು ನಿಂತವರು ಅಂಬೇಡ್ಕರ್. ಮಗಳಿಗೆ ಆಸ್ತಿ ಅಂದರೆ ಮನೆ ಒಡೆಯುತ್ತದೆ, ಅಣ್ಣ ತಂಗಿ ವೈರಿಗಳಾಗುತ್ತಾರೆ ಅಂತ ಆಗ ಎದ್ದ ಗದ್ದಲ, ನಿಮ್ಮ ವೈನಿ ಈಗ ಅಡುಗೆಮನೆಯಲ್ಲಿ ಹೇಳುತ್ತಿರಬಹುದಾದ ಮಾತಿಗಿಂತ ಬಹಳ ಬೇರೆ ಇರಲಿಲ್ಲ. ಬಿಲ್ ಮುಂದೆ ಹೋಗಲಿಲ್ಲ, 1951ರಲ್ಲಿ ಅಂಬೇಡ್ಕರ್ ಮಂತ್ರಿ ಪದವಿ ಬಿಟ್ಟರು. ಆಮೇಲೆ ಅದನ್ನೇ ತುಂಡು ತುಂಡು ಮಾಡಿ ಪಾಸ್ ಮಾಡಿದರು. ಅದರಲ್ಲಿ ಒಂದು ತುಂಡು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಆ ವರ್ಷದ ಜೂನ್ 17ರಿಂದ ಜಾರಿ.

ಈ 1956 ಅನ್ನುವ ಇಸವಿಯನ್ನು ಎಲ್ಲರೂ ಮರೆಯುತ್ತಾರೆ. ತಂದೆಗೆ ಸೇರಿದ್ದು ಏನಿದೆಯೋ ಅದರಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅಂತ ಅಂದೇ ಬಂದಿದೆ. ವಿಧವೆಯರ ಪೋಟಗಿ ಹೊಲ ಕೂಡ ಆ ಕಾಯ್ದೆಯ 14ನೇ ಕಲಮಿನಿಂದ ಅವರ ಸ್ವಂತದ್ದಾಯಿತು. ಆದರೆ ಒಂದು ದೊಡ್ಡ ತೂತು ಬಿಟ್ಟರು. ಪಿತ್ರಾರ್ಜಿತ ಹೊಲದಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿಯಿತು. ತಂದೆಯ ಪಾಲು ಎಷ್ಟು ಅಂತ ಮೊದಲು ಲೆಕ್ಕ ಹಾಕಬೇಕು, ಆ ಒಂದು ಪಾಲಿನಲ್ಲಿ ಮಾತ್ರ ಮಗಳಿಗೆ ಭಾಗ.

ನಿಮ್ಮ ಹೊಲಕ್ಕೇ ಈ ಲೆಕ್ಕ ಹಾಕೋಣ. 8 ಎಕರೆ. ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ತಲಾ 2 ಎಕರೆ. (ನಮ್ಮ ಕಡೆ ನಡೆಯುವ ಪದ್ಧತಿಯಲ್ಲಿ ಪಾಲಾಗುವಾಗ ಹೆಂಡತಿಗೂ ಒಂದು ಪಾಲು ಬರುತ್ತದೆ.) ಅಪ್ಪನ ಆ 2 ಎಕರೆಯನ್ನು ಅವ್ವ, ಇಬ್ಬರು ಅಣ್ಣಂದಿರು, ನೀವು ನಾಲ್ವರೂ ಹಂಚಿಕೊಂಡರೆ ನಿಮಗೆ 20 ಗುಂಟೆ. ಅಂದರೆ ನಿಮ್ಮ ಅಣ್ಣ ಹೇಳುವ ಹಳೆಯ ಕಾನೂನನ್ನೇ ಪೂರ್ತಿ ಒಪ್ಪಿದರೂ ನಿಮ್ಮ ಪಾಲು ಸೊನ್ನೆ ಅಲ್ಲ, ಅರ್ಧ ಎಕರೆ. "ಏನೂ ಬರಲ್ಲ" ಅನ್ನುವುದು 1956ರ ನಂತರ ಯಾವತ್ತೂ ನಿಜ ಆಗಿರಲಿಲ್ಲ. ಅದಕ್ಕೇ ನೋಡಿ ಖರೀದಿಗೆ ಬಂದವರು ತಂಗಿಯ ಸಹಿ ಕೇಳುವುದು. ಏನೂ ಇಲ್ಲದವರ ಹತ್ತಿರ ಯಾರಾದರೂ ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಾರಾ?

ಇನ್ನು 94ರ ಮಾತು. ಆಂಧ್ರ, ತಮಿಳುನಾಡು ಮೊದಲೇ ಮಾಡಿದ್ದ ತಿದ್ದುಪಡಿಯನ್ನು ಕರ್ನಾಟಕವೂ ಮಾಡಿತು, 1994ರ ಜುಲೈ 30ರಿಂದ. ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು ಅಂತ. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಅಂತ ಗೆರೆ ಎಳೆಯಿತು. ನಿಮ್ಮ ಮದುವೆ 1991. ಮೂರು ವರ್ಷಕ್ಕೆ ತಪ್ಪಿತು. ಆ ಗೆರೆಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಇದೆ, ಯಾಕೆಂದರೆ ಅಕ್ಕನನ್ನು ಹದಿನೆಂಟಕ್ಕೇ ಕೊಟ್ಟರು! ಅಕ್ಕ ತಂಗಿಯರ ನಡುವೆ ಮಾತು ಬಿಡಿಸಿದ ಕಾನೂನು ಅದು.

2005ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ತಿದ್ದುಪಡಿ ತಂದಿತು, ಸೆಪ್ಟೆಂಬರ್ 9ರಿಂದ ಜಾರಿ. ಮದುವೆಯಾದವರು, ಆಗದವರು ಅನ್ನುವ ಭೇದ ಹೋಯಿತು. ನಿಮ್ಮ ಅಣ್ಣನ 94ರ ವಾದ ಅಲ್ಲಿಗೇ ಮುಗಿಯಿತು.

ಹಾಗಾದರೆ ಆ ಪೇಪರ್ ಕಟಿಂಗ್? ಅದು 2015ರದ್ದಿರಬೇಕು. ಫೂಲಾವತಿ ಕೇಸು, ಕರ್ನಾಟಕದಿಂದಲೇ ಹೋಗಿದ್ದು. ಅದರಲ್ಲಿ ಸುಪ್ರೀಂ ಕೋರ್ಟ್, 2005ರ ಆ ದಿನ ತಂದೆ ಬದುಕಿರಬೇಕು, ಇಲ್ಲದಿದ್ದರೆ ಮಗಳಿಗೆ ಹೊಸ ಹಕ್ಕು ಇಲ್ಲ ಅಂದಿತು. ಆಗ ನಮ್ಮಂಥ ವಕೀಲರು ಎಷ್ಟೋ ಹೆಣ್ಣುಮಕ್ಕಳನ್ನು "ಕೇಸು ನಿಲ್ಲಲ್ಲ ತಾಯಿ" ಅಂತ ವಾಪಸ್ ಕಳಿಸಿದ್ದೇವೆ. ನಾನೂ ಕಳಿಸಿದ್ದೇನೆ. ಆಮೇಲೆ 2018ರ ಫೆಬ್ರವರಿಯಲ್ಲಿ ದಾನಮ್ಮ ಕೇಸು ಬಂತು, ಅದೂ ಕರ್ನಾಟಕದ್ದೇ. ನಿಮಗೆ ಆಶ್ಚರ್ಯ ಆಗಬಹುದು, ಆ ಮನೆಯ ತಂದೆ ತೀರಿಕೊಂಡಿದ್ದೂ 2001ರಲ್ಲೇ. ಅಲ್ಲಿ ಕೋರ್ಟ್ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಒಂದು ತೀರ್ಪು ಹಾಗೆ, ಒಂದು ತೀರ್ಪು ಹೀಗೆ, ಎರಡೂ ಇಬ್ಬರು ಜಡ್ಜ್‌ಗಳದ್ದು. ಕೆಳಗಿನ ಕೋರ್ಟುಗಳಲ್ಲಿ ಯಾರಿಗೆ ಯಾವುದು ಬೇಕೋ ಅದನ್ನು ಓದಿದರು.

ಗೊಂದಲ ಮುಗಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಕೇಸಿನಲ್ಲಿ, ಮೂವರು ಜಡ್ಜ್‌ಗಳ ಪೀಠದಿಂದ. ಈ ಹಕ್ಕು ಮಗಳಿಗೆ ತಂದೆ ಕೊಡುವುದಲ್ಲ, ಹುಟ್ಟಿನಿಂದ ಬಂದದ್ದು, ಆದ್ದರಿಂದ 2005ರಲ್ಲಿ ತಂದೆ ಇರಲೇಬೇಕು ಅನ್ನುವ ಷರತ್ತು ಇಲ್ಲ. 2015ರ ತೀರ್ಪನ್ನು ಅದರಲ್ಲೇ ತಳ್ಳಿಹಾಕಿದರು. ಈಗ ಮತ್ತೆ ಲೆಕ್ಕ ಹಾಕಿ. ಅಪ್ಪ, ಅವ್ವ, ಇಬ್ಬರು ಅಣ್ಣಂದಿರು, ನೀವು, ಐದು ಪಾಲು, ತಲಾ 64 ಗುಂಟೆ. ಅಪ್ಪನ 64 ಗುಂಟೆ ನಾಲ್ವರಿಗೆ ಹಂಚಿದರೆ ತಲಾ 16. ಎರಡೂ ಕೂಡಿಸಿದರೆ 80 ಗುಂಟೆ, ಅಂದರೆ 2 ಎಕರೆ. ಅಣ್ಣಂದಿರಿಗೂ ಅಷ್ಟೇ, ಅವ್ವನಿಗೂ ಅಷ್ಟೇ.

ಲಿಂಗಾಯತರಿಗೆ ಬರಲ್ಲ ಅನ್ನುವುದಕ್ಕೆ ಉತ್ತರ ಒಂದೇ ಸಾಲಿನದು. ಕಾಯ್ದೆಯ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದೆ. ಧರ್ಮ ಬೇರೆಯೋ ಒಂದೋ ಅನ್ನುವ ಚರ್ಚೆ ಏನೇ ಇರಲಿ, ಹೊಲದ ಪಾಲಿಗೆ ಅದು ಅಡ್ಡ ಬರಲ್ಲ. (ವೇದಿಕೆ ಮೇಲೆ ಅಕ್ಕಮಹಾದೇವಿಯ ಹೆಸರು ಹೇಳಿ ಕೆಳಗಿಳಿದು ತಂಗಿಯನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುವವರನ್ನು ನಾನು ನೋಡಿದ್ದೇನೆ, ಹೋಗಲಿ ಬಿಡಿ.) ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಪರಿಶಿಷ್ಟ ಪಂಗಡದವರಿಗೆ, ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ, ಈ ಉತ್ತರವನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ.

ಬಂಗಾರದ ಮಾತಿಗೂ ಕಾನೂನಿನಲ್ಲಿ ಜಾಗ ಇಲ್ಲ. ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯುವ ಪದ್ಧತಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ವರದಕ್ಷಿಣೆ ಅಂತ ಕೊಟ್ಟಿದ್ದರೆ ಅದು 1961ರಿಂದ ಅಪರಾಧ, ಅದನ್ನು ಯಾವ ಅಣ್ಣನೂ ಕೋರ್ಟಿನಲ್ಲಿ ಎದೆ ತಟ್ಟಿ ಹೇಳುವುದಿಲ್ಲ. ಆದರೆ ನಿಮಗೂ ಒಂದು ಮಾತು ನೆನಪಿರಲಿ. ಪಾಲಿನ ಜೊತೆ ಸಾಲವೂ ಬರುತ್ತದೆ. ಅಪ್ಪನ ಕಾಲದ ಸೊಸೈಟಿ ಸಾಲ, ಬ್ಯಾಂಕ್ ಸಾಲ ಅಣ್ಣಂದಿರು ತೀರಿಸಿದ್ದರೆ, ಬಾವಿ ಬೋರು ಹಾಕಿಸಿದ್ದರೆ, ಆ ಲೆಕ್ಕ ಮುಂದಿಟ್ಟಾಗ ಮುಖ ತಿರುಗಿಸಬೇಡಿ.

ಈಗ ನಿಮ್ಮ ಕೇಸಿನ ದುರ್ಬಲ ಜಾಗ, 2003ರ ಆ ಬಾಂಡ್ ಪೇಪರ್. 2004ರ ಡಿಸೆಂಬರ್ 20ಕ್ಕಿಂತ ಮೊದಲು ಸರಿಯಾಗಿ ಆದ ವಾಟ್ನಿಯನ್ನು, ಮಾರಾಟವನ್ನು ಹೊಸ ಕಾಯ್ದೆ ಮುಟ್ಟುವುದಿಲ್ಲ. ಆದ್ದರಿಂದ ಅಣ್ಣಂದಿರ ವಕೀಲರು "ವಾಟ್ನಿ 2003ರಲ್ಲೇ ಆಗಿದೆ" ಅಂತ ಹೇಳುವುದು ಖಂಡಿತ. ಆದರೆ ವಾಟ್ನಿ ಅಂದರೆ ರಿಜಿಸ್ಟರ್ ಆಗಿರಬೇಕು, ಇಲ್ಲವೇ ಕೋರ್ಟಿನ ಡಿಕ್ರಿ ಇರಬೇಕು. ಬಾಯಿ ಮಾತಿನ ವಾಟ್ನಿಯನ್ನು ಕೋರ್ಟ್ ಒಪ್ಪುವುದು ಬಹಳ ಅಪರೂಪ, ಅದಕ್ಕೆ ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಬೇಕು. ಹಕ್ಕು ಬಿಡುವುದೂ ಹಾಗೇ, ರಿಜಿಸ್ಟರ್ ಆಗದ ಬಾಂಡ್ ಪೇಪರಿನಿಂದ ಹೊಲದ ಹಕ್ಕು ಹೋಗಲ್ಲ. ಅದು ಬರೀ ವಾರಸಾ ಹಚ್ಚಲು (ಉತಾರದಲ್ಲಿ ವಾರಸುದಾರರ ಹೆಸರು ಸೇರಿಸಲು) ಕೊಟ್ಟ ಒಪ್ಪಿಗೆಯೋ, ವಾಟ್ನಿ ಆಗಿದೆ ಅಂತ ತಲಾಟಿಗೆ (ಗ್ರಾಮ ಲೆಕ್ಕಿಗರಿಗೆ) ಕೊಟ್ಟ ವರ್ದಿಯೋ, ಬೇರೆ ಏನೋ, ಮೊದಲು ಅದನ್ನು ನೋಡಬೇಕು. ಉತಾರದಲ್ಲಿ ಹೆಸರಿಲ್ಲ ಅಂತ ಅಂಜಬೇಡಿ. ಉತಾರ ಇರುವುದು ಕಂದಾಯ ಯಾರು ಕಟ್ಟಬೇಕು ಅನ್ನುವುದಕ್ಕೆ, ಹಕ್ಕನ್ನು ಅದು ಹುಟ್ಟಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಸಹಿ ಮಾಡಿಬಿಡಬಹುದು. ಅದೂ ನಿಮ್ಮ ಹಕ್ಕೇ, ಮಾಡಿದರೆ ನಾನು ನಿಮ್ಮನ್ನು ಹಳಿಯುವುದಿಲ್ಲ. ಆದರೆ ಏನು ಬಿಡುತ್ತಿದ್ದೇನೆ ಅಂತ ತಿಳಿದು ಬಿಡಿ. ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ಆಮೇಲೆ "ನನಗೆ ಗೊತ್ತಿರಲಿಲ್ಲ" ಅಂತ ರದ್ದು ಮಾಡಿಸುವುದು ಬಹಳ ಕಷ್ಟ. ಮೋಸ ಆಗಿದೆ ಅಂತ ಗೊತ್ತಾದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ಮೋಸವನ್ನು ನೀವೇ ಸಾಬೀತು ಮಾಡಬೇಕು.

ದುಡ್ಡು ತೆಗೆದುಕೊಂಡು ಬಿಡಬಹುದು. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ, ತಪ್ಪೇನಿಲ್ಲ. ಇಲ್ಲಿ ಅಪಾಯ ಇರುವುದು ಪತ್ರದ ಒಂದು ಸಾಲಿನಲ್ಲಿ. "ಅರಿಶಿನ ಕುಂಕುಮಕ್ಕಾಗಿ ಇಷ್ಟು ಕೊಟ್ಟಿದೆ" ಅಂತ ಸಣ್ಣ ಮೊತ್ತ ಬರೆದು, ಉಳಿದದ್ದು ಹೊಲ ಮಾರಿದ ಮೇಲೆ ಕೊಡ್ತೀವಿ ಅಂತ ಬಾಯಿ ಮಾತು ಹೇಳುತ್ತಾರೆ. ಆ ಉಳಿದದ್ದು ಬರುವುದಿಲ್ಲ. ಪೂರ್ತಿ ಮೊತ್ತ ಪತ್ರದಲ್ಲಿ ಬರೆಸಿ, ಸಹಿಗೆ ಮೊದಲೇ ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ. ನಿಮ್ಮ ಖಾತೆಗೆ, ಗಂಡನ ಖಾತೆಗಲ್ಲ.

ಹೊಲವನ್ನೇ ತೆಗೆದುಕೊಳ್ಳಬಹುದು. ಸರ್ವೆ ಮಾಡಿಸಿ, ನಕ್ಷೆ ಹಾಕಿಸಿ, ರಿಜಿಸ್ಟರ್ ವಾಟ್ನಿ ಪತ್ರ. ರಸ್ತೆ ಬದಿ ಯಾರಿಗೆ, ಹಿಂದಿನದು ಯಾರಿಗೆ ಅನ್ನುವಲ್ಲಿಯೇ ಜಗಳ ಬರುವುದು. 2 ಎಕರೆ ಅಂತ ಹಿಂದಿನ ಮೂಲೆ ತೋರಿಸಿದರೆ ಬೆಲೆಯಲ್ಲಿ ಅದು 2 ಎಕರೆ ಆಗಿರುವುದಿಲ್ಲ. ಹೊಲಕ್ಕೆ ಹೋಗುವ ದಾರಿಯನ್ನೂ ಪತ್ರದಲ್ಲಿ ಬರೆಸಿ. ಹೊಲ ಅಳಿಯನ ಮನೆ ಸೇರುತ್ತದೆ ಅಂತ ಅಣ್ಣ ಅಂದರೆ ಹೇಳಿ, ಅದು ನಿಮ್ಮ ಹೆಸರಿನದು, ನೀವಿರುವ ತನಕ ಗಂಡನಿಗೆ ಅದರಲ್ಲಿ ಹಕ್ಕಿಲ್ಲ. ಮಕ್ಕಳಿಲ್ಲದೆ, ಮೃತ್ಯುಪತ್ರ ಮಾಡದೆ ಮಗಳು ತೀರಿಕೊಂಡರೆ ತಂದೆಯಿಂದ ಬಂದದ್ದು ತಂದೆಯ ಕಡೆಯವರಿಗೇ ವಾಪಸ್ ಹೋಗುತ್ತದೆ, ಅಷ್ಟು ಮುಂದಾಲೋಚನೆ 1956ರ ಕಾಯ್ದೆಯಲ್ಲೇ ಇದೆ.

ದಾವೆ ಹಾಕುವುದು ಕೊನೆಯ ದಾರಿ. ವರ್ಷಗಟ್ಟಲೆ ನಡೆಯುತ್ತದೆ. ಮೊದಲು ಪಾಲು ಎಷ್ಟು ಅಂತ ಒಂದು ಡಿಕ್ರಿ, ಆಮೇಲೆ ಹೊಲ ಅಳೆದು ಕೊಡಲು ಇನ್ನೊಂದು ಸುತ್ತು. ಕೋರ್ಟ್ ಫೀ ಬಗ್ಗೆ ಜನ ಅಂಜುತ್ತಾರೆ, ಆದರೆ ಕೂಡು ಆಸ್ತಿಯಲ್ಲಿ ಪಾಲು ಕೇಳುವಾಗ ಅದು ಹೊಲದ ಬೆಲೆಯ ಮೇಲೆ ಇರುವುದಿಲ್ಲ, ಬಹಳ ಸಣ್ಣ ಮೊತ್ತ. ವಕೀಲರ ಖರ್ಚಿಗೂ ದಾರಿ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ, ಜಿಲ್ಲಾ ಕೋರ್ಟಿನಲ್ಲೇ ಅದರ ಆಫೀಸು ಇರುತ್ತದೆ. ದಾವೆ ಹಾಕಿದ ಮೇಲೂ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು, ಅಲ್ಲಿ ಬರೆದದ್ದಕ್ಕೆ ಡಿಕ್ರಿಯ ತೂಕವೇ ಇದೆ. ನಿಜ ಹೇಳಬೇಕೆಂದರೆ ಎಷ್ಟೋ ಮನೆಗಳಲ್ಲಿ ದಾವೆಯ ನೋಟಿಸ್ ಹೋದ ಮೇಲೆಯೇ ಅಣ್ಣಂದಿರು ಮಾತಿಗೆ ಕೂರುವುದು.

ಸುಮ್ನೆ ಇರುವುದೂ ಒಂದು ದಾರಿ ಅಂತ ಅನಿಸಬಹುದು. ಬೇಡ. ಪಾಲಿನಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆ ಅಂತ ನಿಮಗೆ ಗೊತ್ತಾದ ದಿನದಿಂದ 12 ವರ್ಷದ ಗಡುವು ಓಡುತ್ತದೆ. ನಿಮಗೆ ಯಾವಾಗ ಗೊತ್ತಾಯಿತು ಅನ್ನುವುದರ ಮೇಲೇ ವಾದ ನಡೆಯುತ್ತದೆ, ಆ ವಾಟ್ಸಾಪ್ ಮೆಸೇಜನ್ನು ಅಳಿಸಬೇಡಿ. ಅಷ್ಟರಲ್ಲಿ ಹೊಲ ಮಾರಿದರೆ ನಿಮ್ಮ ಪಾಲಿನ ಮಟ್ಟಿಗೆ ಆ ಮಾರಾಟ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ನಿಜ, ಆದರೆ ಆಗ ನೀವು ಜಗಳ ಆಡಬೇಕಾದ್ದು ಅಣ್ಣನ ಜೊತೆಗಲ್ಲ, ದುಡ್ಡು ಹಾಕಿದ ಹೊರಗಿನವರ ಜೊತೆ.

ಪಂಚಮಿಯ ಮಾತಿಗೆ ಬರೋಣ. ಕೆಲವು ಅಣ್ಣಂದಿರು ಕರೆಯುವುದನ್ನು ನಿಲ್ಲಿಸುತ್ತಾರೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಒಂದೆರಡು ವರ್ಷ ಬಿಟ್ಟು, ಮನೆಯಲ್ಲಿ ಒಂದು ಮದುವೆಯೋ ಸಾವೋ ಆದಾಗ ಮತ್ತೆ ಮಾತು ಶುರುವಾದದ್ದೂ ಇದೆ, ಆಗದೇ ಉಳಿದದ್ದೂ ಇದೆ. ಆದರೆ ಸಹಿ ಮಾಡಿದರೆ ತವರು ಉಳಿಯುತ್ತದೆ ಅನ್ನುವುದಕ್ಕೂ ಯಾವ ಗ್ಯಾರಂಟಿ ಇಲ್ಲ. ರೋಣದ ಕಡೆಯ ಒಬ್ಬರು, ಒಂದು ರೂಪಾಯಿ ತೆಗೆದುಕೊಳ್ಳದೆ ಬಿಟ್ಟುಕೊಟ್ಟವರು, ಐದು ವರ್ಷದ ಮೇಲೆ ನನ್ನ ಆಫೀಸಿಗೆ ಬಂದರು. ಗಂಡನಿಗೆ ಆಪರೇಷನ್, ಅಣ್ಣ ಫೋನ್ ಎತ್ತುತ್ತಿಲ್ಲ. ಪತ್ರ ಓದಿದೆ, ನನ್ನಿಂದ ಏನೂ ಮಾಡಲಾಗಲಿಲ್ಲ. ಬ್ಯಾಡಗಿಯ ಕಡೆಯ ಮೂವರು ಅಕ್ಕ ತಂಗಿಯರು ಒಟ್ಟಿಗೆ ಹೋಗಿ, ತಮ್ಮನ ಎದುರು ಚಹಾ ಕುಡಿಯುತ್ತಾ ಪಾಲು ಕೇಳಿ, ಸ್ವಲ್ಪ ಕಡಿಮೆಗೇ ಒಪ್ಪಿ ದುಡ್ಡು ತೆಗೆದುಕೊಂಡು ಬಂದರು. ಆ ವರ್ಷವೂ ಅವರಿಗೆ ತವರಿನಿಂದ ಪಂಚಮಿ ಉಂಡಿ ಬಂತು.

ಈ ವಾರ ಮಾಡಬೇಕಾದ್ದು ಇಷ್ಟು. ನಾಡಕಚೇರಿಯಿಂದ ಉತಾರ ತೆಗೆಸಿ. 2001ರ ನಂತರದ ಡೈರಿಯ (ಉತಾರದಲ್ಲಿ ಹೆಸರು ಬದಲಾದದ್ದರ ದಾಖಲೆಯ) ನಕಲು, ಅದಕ್ಕೆ ಹಚ್ಚಿದ ಅರ್ಜಿಗಳ ನಕಲು ಕೇಳಿ, ನಿಮ್ಮ 2003ರ ಸಹಿ ಅಲ್ಲಿ ಸಿಕ್ಕರೂ ಸಿಗಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆ ಸರ್ವೆ ನಂಬರಿನ ಋಣಭಾರ ಪತ್ರ ತೆಗೆಸಿದರೆ ಹಿಂದೆ ಏನಾದರೂ ರಿಜಿಸ್ಟರ್ ಆಗಿದೆಯಾ ಗೊತ್ತಾಗುತ್ತದೆ. ಸೋಮವಾರದ ಪತ್ರದ ಕರಡನ್ನು ಅಣ್ಣನ ಹತ್ತಿರ ಕೇಳಿ ಪಡೆಯಿರಿ. ಅದು ಬಂದ ಮೇಲೆ "ಬರೆದುಕೊಡುವವರು" ಅಂತ ಇರುವ ಕಡೆ ಯಾರ ಯಾರ ಹೆಸರಿದೆ ನೋಡಿ. ಹೆಣ್ಣುಮಕ್ಕಳಿಗೆ ಹೊಲ ಇಲ್ಲ ಅನ್ನುವ ನಿಮ್ಮ ಅವ್ವನಿಗೂ ಅದರಲ್ಲಿ 2 ಎಕರೆ ಇದೆ, ಉತಾರದಲ್ಲಿ ಅವರ ಹೆಸರೂ ಇದೆ. ಆ ಸಾಲಿನಲ್ಲಿ ನಿಮ್ಮ ಹೆಸರಿನ ಪಕ್ಕ ಅವರ ಹೆಸರೂ ಇದ್ದರೆ, ಯಾವ ವಕೀಲರ ಹತ್ತಿರ ಹೋಗುತ್ತೀರೋ ಅಲ್ಲಿಗೆ ಅವ್ವನನ್ನೂ ಕರೆದುಕೊಂಡು ಹೋಗಿ.